ಮೂಳೆ ಬರೀ ಡಬ್ಬಿಯಲ್ಲ: ಪರೇಲ್‌ನಿಂದ ಒಂದು ರಕ್ತದ ಚರಿತ್ರೆ

ಇವತ್ತಿನ ಮಾತು ಮೂಳೆಗೂ ರಕ್ತಕ್ಕೂ ಇರುವ ನಂಟಿನ ಬಗ್ಗೆ. ವಿಜ್ಞಾನ ಅಂತ ಗಾಬರಿಯಾಗಬೇಡಿ, ನಾನು ಇದನ್ನು ಚರಿತ್ರೆಯಾಗಿಯೇ ಹೇಳ್ತೀನಿ. ಯಾಕಂದ್ರೆ ಇದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮುಂಬಯಿಯಲ್ಲೇ, ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ.

ಈ ಆಸ್ಪತ್ರೆಯ ಹುಟ್ಟಿನ ಹಿಂದೆಯೇ ರಕ್ತದ ಕ್ಯಾನ್ಸರಿನ ನೆರಳಿದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿ ಆಕೆಯ ಹೆಸರಿನಲ್ಲಿ ಲ್ಯುಕೇಮಿಯಾ ಸಂಶೋಧನೆಗೆ ಒಂದು ಟ್ರಸ್ಟ್ ಕಟ್ಟಿದರು. ಅದೇ ವರ್ಷ ತಾವೂ ಹೋದರು. ಅವರದೇ ಹೆಸರಿನ ಟ್ರಸ್ಟಿನ ಹಣದಿಂದ 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು. ಆದರೆ ನೋಡಿ, ಆಗ ಲ್ಯುಕೇಮಿಯಾ ಗುಣಪಡಿಸುವ ಔಷಧಿ ಜಗತ್ತಿನಲ್ಲೆಲ್ಲೂ ಇರಲಿಲ್ಲ.

ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ ಎಂದು 1868ರಲ್ಲೇ ಗೊತ್ತಾಗಿತ್ತು. ಜರ್ಮನಿಯ ನಾಯ್ಮನ್, ಇಟಲಿಯ ಬಿಜ್ಜೊಜೆರೊ, ಇಬ್ಬರೂ ಒಂದೇ ವರ್ಷ ಬೇರೆ ಬೇರೆಯಾಗಿ ಇದನ್ನು ಕಂಡರು. 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್, ಮಜ್ಜೆಯ ಒಂದೇ ಒಂದು ಕೋಶದಿಂದ ಹಲವು ಬಗೆಯ ರಕ್ತಕೋಶಗಳು ಹುಟ್ಟಬಲ್ಲವು ಎಂಬುದಕ್ಕೆ ದಾರಿ ತೋರಿಸಿದರು. ಅದೇ ಸ್ಟೆಮ್ ಸೆಲ್. ಅಮೆರಿಕದ ಡೊನಾಲ್ ಥಾಮಸ್ ಮಜ್ಜೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡುವುದನ್ನು ಚಿಕಿತ್ಸೆಯಾಗಿ ಬೆಳೆಸಿದರು. 1990ರಲ್ಲಿ ಅವರಿಗೆ ನೊಬೆಲ್ ಬಂತು.

ಥಾಮಸ್ ಅವರ ಬಳಿ ಸಿಯಾಟಲ್‌ನಲ್ಲಿ ಕಲಿತು ಬಂದವರು ಡಾ. ಸುರೇಶ್ ಅಡ್ವಾಣಿ. ಎಂಟನೇ ವಯಸ್ಸಿನಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿ ಹಿಡಿದವರು. 1983ರ ಮಾರ್ಚ್ 20ರಂದು ಅವರ ತಂಡ ಟಾಟಾ ಆಸ್ಪತ್ರೆಯಲ್ಲಿ ಭಾರತದ ಮೊದಲ ಯಶಸ್ವಿ ಅಸ್ಥಿಮಜ್ಜೆ ಕಸಿ ಮಾಡಿತು. ರೋಗಿ ಒಂಬತ್ತು ವರ್ಷದ ಹುಡುಗಿ, ಮಜ್ಜೆ ಕೊಟ್ಟವನು ಅವಳ ಅಣ್ಣನೋ ತಮ್ಮನೋ, ಒಟ್ಟಿನಲ್ಲಿ ಒಡಹುಟ್ಟಿದವನು.

ಇಲ್ಲೇ ನನಗೆ ತುಂಬಾ ಸೋಜಿಗ ಅನ್ನಿಸುವ ಪ್ರಶ್ನೆ ಇರೋದು. ಈ ಕಸಿಯಲ್ಲಿ ಮಜ್ಜೆಯನ್ನು ತೆಗೆಯುವುದು ಸೊಂಟದ ಮೂಳೆಯಿಂದ. ಆದರೆ ಕೊಡುವುದು ಮೂಳೆಗಲ್ಲ, ರಕ್ತ ಏರಿಸಿದ ಹಾಗೆ ರಕ್ತನಾಳಕ್ಕೆ! ಅಲ್ಲಿಂದ ಆ ಕೋಶಗಳು ತಾವಾಗಿಯೇ ದಾರಿ ಹುಡುಕಿಕೊಂಡು ಮೂಳೆ ಸೇರಿ, ಕೆಲವು ವಾರಗಳಲ್ಲಿ ಹೊಸ ರಕ್ತ ಕೊಡಲು ಶುರುಮಾಡುತ್ತವೆ. ಮನೆ ಗುರುತು ಹೇಳಿದವರು ಯಾರು? 1983ರಲ್ಲಿ ವೈದ್ಯರಿಗೆ ಹೀಗಾಗುತ್ತೆ ಅಂತ ಗೊತ್ತಿತ್ತು, ಹೇಗೆ ಅಂತ ಸರಿಯಾಗಿ ಗೊತ್ತಿರಲಿಲ್ಲ.

ಒಂದು ಊಹೆ ಮಾತ್ರ ಇತ್ತು. 1978ರಲ್ಲಿ ಇಂಗ್ಲೆಂಡಿನ ರೇ ಸ್ಕೋಫೀಲ್ಡ್ ಹೇಳಿದ್ದು ಇಷ್ಟೇ: ಸ್ಟೆಮ್ ಸೆಲ್ ತನ್ನಷ್ಟಕ್ಕೆ ತಾನೇ ಸ್ಟೆಮ್ ಸೆಲ್ ಆಗಿ ಉಳಿಯುವುದಿಲ್ಲ, ಅದನ್ನು ಹಾಗೆ ಉಳಿಸುವ ನೆರೆಹೊರೆಯ ಒಂದು ಗೂಡು ಇರಬೇಕು. ಸಾಕ್ಷಿ ಸಿಗಲು 25 ವರ್ಷ ಬೇಕಾಯ್ತು. 2003ರಲ್ಲಿ ಅಮೆರಿಕದ ಎರಡು ತಂಡಗಳು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬರೆದವು: ಇಲಿಗಳಲ್ಲಿ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು ಹೆಚ್ಚಿದರೆ ರಕ್ತದ ಸ್ಟೆಮ್ ಸೆಲ್‌ಗಳೂ ಹೆಚ್ಚುತ್ತವೆ. ಅಂದ್ರೆ ಮೂಳೆ ಮಜ್ಜೆಯನ್ನು ತುಂಬಿಟ್ಟ ಡಬ್ಬಿ ಅಲ್ಲ, ಯಜಮಾನಿಕೆ ಮಾಡುವ ಮನೆ.

ಮುಂದಿನ ಹತ್ತು ವರ್ಷದಲ್ಲಿ ಚಿತ್ರ ಸ್ವಲ್ಪ ತಿದ್ದುಪಡಿಯಾಯ್ತು. ಸ್ಟೆಮ್ ಸೆಲ್‌ಗಳು ಹೆಚ್ಚಾಗಿ ಮಜ್ಜೆಯ ರಕ್ತನಾಳಗಳ ಪಕ್ಕದಲ್ಲಿ ಇರುತ್ತವೆ, ಅವನ್ನು ಪೋಷಿಸುವುದು ಮುಖ್ಯವಾಗಿ ಅಲ್ಲಿನ ಕೋಶಗಳೇ ಎಂದು ಕಂಡುಬಂತು. ಹಾಗಂತ ಮೂಳೆಯ ಕೋಶಗಳ ಪಾತ್ರ ಮುಗಿಯಲಿಲ್ಲ. ಗಟ್ಟಿ ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್‌ಗಳಿಲ್ಲದ ಇಲಿಗಳಲ್ಲಿ, ಸ್ಟೆಮ್ ಸೆಲ್‌ಗಳನ್ನು ಹೊರತರುವ ಔಷಧಿಯೇ ಕೆಲಸ ಮಾಡಲಿಲ್ಲ ಎಂದು 2013ರಲ್ಲಿ ತಿಳಿಯಿತು.

ಯಾವ ಔಷಧಿ ಅಂತೀರಾ? ಜಿ-ಸಿಎಸ್‌ಎಫ್. ಇವತ್ತು ದಾನಿಗಳಿಗೆ ನಾಲ್ಕೈದು ದಿನ ಇದರ ಇಂಜೆಕ್ಷನ್ ಕೊಡ್ತಾರೆ. ಮೂಳೆ ಕಟ್ಟುವ ಕೋಶಗಳು ತಣ್ಣಗಾಗುತ್ತವೆ, ಸ್ಟೆಮ್ ಸೆಲ್‌ಗಳನ್ನು ಮಜ್ಜೆಯಲ್ಲಿ ಹಿಡಿದಿಡುವ ಸಿಎಕ್ಸ್‌ಸಿಎಲ್12 ಎಂಬ ಸಂದೇಶ ಕುಗ್ಗುತ್ತದೆ, ಅವು ರಕ್ತಕ್ಕೆ ಇಳಿಯುತ್ತವೆ. ತೋಳಿನ ನಾಳದಿಂದಲೇ, ಯಂತ್ರದ ಮೂಲಕ ಕೆಲವು ಗಂಟೆಗಳಲ್ಲಿ ಅವನ್ನು ಸೋಸಿ ತೆಗೆಯಬಹುದು. ಮತ್ತೆ ರೋಗಿಯ ಮೂಳೆಗೆ ಅವನ್ನು ಕರೆಯುವುದೂ ಅದೇ ಸಂದೇಶ!

ಇದನ್ನೆಲ್ಲ ಯಾಕೆ ಹೇಳಿದೆ? ಟಾಟಾ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತಿನಲ್ಲಿ ಇವತ್ತಿಗೂ ದೂರದ ಊರುಗಳಿಂದ ಬಂದವರು ಗಂಟುಮೂಟೆ ಇಟ್ಟುಕೊಂಡು ಕಾಯ್ತಾ ಕೂತಿರ್ತಾರೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಗೆ ಒಂದೋ ಎರಡೋ ಮಕ್ಕಳಿರುವ ಕಾಲದಲ್ಲಿ ಹೊರಗಿನ ದಾನಿಯೇ ಅನೇಕರಿಗೆ ಆಸರೆ. "ಮೂಳೆ ಕೊಟ್ರೆ ಸೊಂಟ ಹೋಗುತ್ತೆ" ಅನ್ನೋ ಭಯಕ್ಕೆ ದಾನಿ ಹಿಂದೆ ಸರಿದರೆ, ಅಲ್ಲಿ ಕಾಯ್ತಿರೋ ಒಂದು ಮಗುವಿನ ಬಾಗಿಲು ಮುಚ್ಚುತ್ತೆ. ಮೂಳೆಯನ್ನು ಯಾರೂ ಕೇಳ್ತಿಲ್ಲ. ಕೊಟ್ಟ ಕೋಶಗಳನ್ನು ನಿಮ್ಮ ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ.

ಮನೆಯಲ್ಲಿ ಈ ವಿಷಯ ಒಮ್ಮೆ ಮಾತಾಡಿ.