ತಂದೆಯನ್ನು ಕೊಂದ ‘ನ್ಯಾಯವಂತ’

ಸುಮಾರು 2 ಸೆಂಟಿಮೀಟರ್ ಅಗಲ, 4 ಗ್ರಾಂಗೆ ತುಸು ಕಡಿಮೆ ತೂಕ. ಎರಡು ಸಾವಿರ ವರ್ಷಗಳ ಹಿಂದೆ ಇರಾನಿನಲ್ಲಿ ಚಲಾವಣೆಯಲ್ಲಿದ್ದ ಈ ಬೆಳ್ಳಿಯ ನಾಣ್ಯದ ಹೆಸರು ದ್ರಾಕ್ಮಾ. ಕನ್ನಡ ಶಾಸನಗಳಲ್ಲಿ ಬರುವ ‘ದ್ರಮ್ಮ’ ಎಂಬ ಮಾತಿನ ಮೂಲವೂ ಇದೇ ಗ್ರೀಕ್ ಪದ. ಇದನ್ನು ಅಚ್ಚು ಹಾಕಿಸಿದವನು ಕ್ರಿ.ಪೂ. 57ರಿಂದ 37ರವರೆಗೆ ಆಳಿದ ಪಾರ್ಥಿಯದ ದೊರೆ ಎರಡನೆಯ ಒರೋಡಿಸ್.

ನಾಣ್ಯದ ಒಂದು ಮುಖದಲ್ಲಿ ಎಡಕ್ಕೆ ತಿರುಗಿದ ರಾಜನ ತಲೆಯಿದೆ. ಮೊನಚಾದ ಗಡ್ಡ, ತಲೆಗೆ ಕಟ್ಟಿದ ರಾಜಪಟ್ಟಿ, ಕೊರಳಿಗೆ ಹಾರ. ಹಣೆಯ ಮೇಲೊಂದು ನರಹುಲಿಯೂ ಇದೆ! ಮುಂದಿನ ಹಲವು ದೊರೆಗಳ ಹಣೆಯಲ್ಲೂ ಇದು ಕಾಣುವುದರಿಂದ ಮನೆತನದ ಗುರುತಾಗಿ ಅದನ್ನು ಹೆಮ್ಮೆಯಿಂದಲೇ ಕೆತ್ತಿಸಿರಬೇಕು. ಇನ್ನೊಂದು ಮುಖದಲ್ಲಿ ಬಿಲ್ಲು ಹಿಡಿದು ಕುಳಿತ ಬಿಲ್ಲುಗಾರ. ಅವನ ಸುತ್ತ ಚೌಕಾಕಾರವಾಗಿ ಗ್ರೀಕ್ ಅಕ್ಷರಗಳು: ರಾಜರ ರಾಜ ಅರ್ಸಾಕಿಸ್, ಉಪಕಾರಿ, ನ್ಯಾಯವಂತ, ದೇವರಂತೆ ಪ್ರಕಟನಾದವನು, ಗ್ರೀಕರ ಮಿತ್ರ.

ಒರೋಡಿಸ್ ಎಂಬ ಹೆಸರು ಇಲ್ಲಿಲ್ಲ. ವಂಶದ ಮೂಲಪುರುಷ ಅರ್ಸಾಕಿಸ್‌ನ ಹೆಸರನ್ನೇ ಸಾಮಾನ್ಯವಾಗಿ ಎಲ್ಲ ದೊರೆಗಳೂ ಧರಿಸುತ್ತಿದ್ದರು. ಹೀಗಾಗಿ ಯಾವ ನಾಣ್ಯ ಯಾರದೆಂದು ತಿಳಿಯಲು ವಿದ್ವಾಂಸರು ಮುಖಲಕ್ಷಣ, ಕಿರೀಟ, ಟಂಕಸಾಲೆಯ ಗುರುತುಗಳನ್ನು ಹೋಲಿಸಿ ನೋಡಬೇಕಾಯಿತು. ಇರಾನಿ ದೊರೆಗೆ ಗ್ರೀಕ್ ಭಾಷೆ ಏಕೆ? ಅಲೆಕ್ಸಾಂಡರನ ಸೇನಾನಿ ಸೆಲ್ಯೂಕಸ್‌ನ ವಂಶದವರಿಂದ ಪಾರ್ಥಿಯರು ಕಸಿದುಕೊಂಡ ನಾಡಿನಲ್ಲಿ ಟೈಗ್ರಿಸ್ ದಡದ ಸೆಲ್ಯೂಸಿಯದಂಥ ಶ್ರೀಮಂತ ಗ್ರೀಕ್ ಪಟ್ಟಣಗಳಿದ್ದವು. ಅವುಗಳ ವ್ಯಾಪಾರಿಗಳ ವಿಶ್ವಾಸ ರಾಜನಿಗೆ ಬೇಕಿತ್ತು.

ಇನ್ನು ‘ನ್ಯಾಯವಂತ’ನ ಕಥೆ. ಒರೋಡಿಸ್ ತನ್ನ ಸೋದರ ಮಿತ್ರಿಡೇಟಿಸ್‌ನ ಜೊತೆಗೂಡಿ ತಂದೆ ಮೂರನೆಯ ಫ್ರಾಟಿಸ್‌ನನ್ನು ಕೊಲ್ಲಿಸಿದ. ಆಮೇಲೆ ಅಣ್ಣತಮ್ಮಂದಿರೇ ಸಿಂಹಾಸನಕ್ಕಾಗಿ ಕಾದಾಡಿದರು. ಸೋತು ಶರಣಾದ ಮಿತ್ರಿಡೇಟಿಸ್‌ನನ್ನು ಒರೋಡಿಸ್ ತನ್ನ ಕಣ್ಣೆದುರೇ ಕೊಲ್ಲಿಸಿದನೆಂದು ಇತಿಹಾಸಕಾರ ಜಸ್ಟಿನ್ ಬರೆದಿದ್ದಾನೆ.

ಈ ಗೆಲುವು ದೊರಕಿಸಿಕೊಟ್ಟವನು ಇನ್ನೂ ಮೂವತ್ತು ತುಂಬದ ಸೇನಾನಿ ಸುರೇನ. ಕ್ರಿ.ಪೂ. 53ರಲ್ಲಿ ರೋಮಿನ ಮಹಾ ಸಿರಿವಂತ ಕ್ರ್ಯಾಸಸ್ ಸುಮಾರು 40,000 ಸೈನಿಕರೊಡನೆ ಏರಿ ಬಂದಾಗಲೂ ಇವನೇ ಎದುರು ನಿಂತ. ಕಾರ್ಹೇ ಬಯಲಿನಲ್ಲಿ ಅವನ ಬಳಿ ಇದ್ದದ್ದು ಹತ್ತು ಸಾವಿರದಷ್ಟು ಕುದುರೆ ಸವಾರರು. ಹೆಚ್ಚಿನವರು ಬಿಲ್ಲುಗಾರರು. ಬತ್ತಳಿಕೆ ಬರಿದಾದರೆ ಇವರ ಆಟ ಮುಗಿಯಿತೆಂದು ರೋಮನರು ಕಾದರು. ಆದರೆ ಬಾಣದ ಹೊರೆ ಹೊತ್ತ ಒಂಟೆಗಳು ಹಿಂದೆಯೇ ನಿಂತಿದ್ದವು. 20,000 ರೋಮನರು ಸತ್ತರು, 10,000 ಮಂದಿ ಸೆರೆಯಾದರು ಎಂಬುದು ಪ್ಲುಟಾರ್ಕನ ಲೆಕ್ಕ.

ಅದೇ ಹೊತ್ತಿಗೆ ಒರೋಡಿಸ್ ಆರ್ಮೇನಿಯದಲ್ಲಿ ಮಗ ಪಕೋರಸ್‌ನ ವಿವಾಹ ಸಂಬಂಧ ಕುದುರಿಸುತ್ತಿದ್ದ. ಆಸ್ಥಾನದಲ್ಲಿ ಯೂರಿಪಿಡೀಸನ ನಾಟಕ ನಡೆದಿರುವಾಗ ಕ್ರ್ಯಾಸಸ್‌ನ ತಲೆ ಬಂತಂತೆ. ನಟನೊಬ್ಬ ಅದನ್ನೇ ಕೈಯಲ್ಲಿ ಹಿಡಿದು ಹಾಡಿದನಂತೆ. ಪ್ಲುಟಾರ್ಕನಿಗೆ ನಾಟಕೀಯತೆಯ ಮೋಹ ಸ್ವಲ್ಪ ಹೆಚ್ಚು. ಆದರೂ ದೊರೆ ‘ಗ್ರೀಕರ ಮಿತ್ರ’ನಾಗಿ ಗ್ರೀಕ್ ನಾಟಕ ನೋಡುತ್ತಿದ್ದ ಎಂಬುದನ್ನು ಅಲ್ಲಗಳೆಯಲು ಕಾರಣವಿಲ್ಲ.

ಸುರೇನನಿಗೆ ಸಿಕ್ಕ ಬಹುಮಾನ ಮರಣ. ಅವನ ಕೀರ್ತಿ ಕಂಡು ಕರುಬಿದ ಒರೋಡಿಸ್ ಅವನನ್ನು ಕೊಲ್ಲಿಸಿದ. ಅಂಥ ಸೇನಾನಿ ಮತ್ತೆ ಪಾರ್ಥಿಯಕ್ಕೆ ದೊರೆಯಲಿಲ್ಲ. ಕ್ರಿ.ಪೂ. 38ರಲ್ಲಿ ರೋಮನ್ ಸೇನಾನಿ ವೆಂಟಿಡಿಯಸ್‌ನೊಡನೆ ಸಿರಿಯದಲ್ಲಿ ನಡೆದ ಕಾಳಗದಲ್ಲಿ ಪಕೋರಸ್ ಸತ್ತ. ಮುದಿ ದೊರೆ ಕುಸಿದುಹೋದ, ಜಲೋದರವೂ ಅಂಟಿಕೊಂಡಿತು. ಇನ್ನೊಬ್ಬ ಮಗ ನಾಲ್ಕನೆಯ ಫ್ರಾಟಿಸ್ ತಂದೆಗೆ ವತ್ಸನಾಭಿಯ ವಿಷ ಕುಡಿಸಿದ. ವಿಷ ರೋಗವನ್ನೇ ಇಳಿಸಿ ಮುದುಕ ಚೇತರಿಸಿಕೊಂಡನೆಂದೂ, ಆಗ ಮಗ ಕುತ್ತಿಗೆ ಹಿಸುಕಿದನೆಂದೂ ಪ್ಲುಟಾರ್ಕ್ ಹೇಳುತ್ತಾನೆ.

ಫ್ರಾಟಿಸ್‌ನ ಬೆಳ್ಳಿ ನಾಣ್ಯಗಳಲ್ಲಿ ರಾಜನ ತಲೆಯ ಹಿಂದೆ ಹದ್ದಿನ ಚಿತ್ರವಿದೆ. ಹಿಂಬದಿಯಲ್ಲಿ ಅದೇ ಬಿಲ್ಲುಗಾರ, ಸುತ್ತಲೂ ಅದೇ ಅರ್ಸಾಕಿಸ್‌ನ ಹೆಸರು, ‘ನ್ಯಾಯವಂತ’ ಎಂಬ ಅದೇ ಬಿರುದು.