ಯಕೃತ್ತು, ಮೂಳೆ ಮತ್ತು 'ಡಿ' ಜೀವಸತ್ವ: ಒಂದು ಸಂಬಂಧದ ಚರಿತ್ರೆ

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿ ಮಕ್ಕಳ ಮೂಳೆಗಳನ್ನು ಬಾಗಿಸುವ ರಿಕೆಟ್ಸ್ ರೋಗವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನಾಲ್ಕು ವರ್ಷಗಳ ತರುವಾಯ, 1654ರಲ್ಲಿ, ಯಕೃತ್ತಿನ ರಚನೆಯನ್ನು ವಿವರಿಸುವ ಮತ್ತೊಂದು ಗ್ರಂಥವನ್ನು ಹೊರತಂದರು. ಯಕೃತ್ತನ್ನು ಆವರಿಸಿರುವ ಪೊರೆಗೆ ಇಂದಿಗೂ ಅವರ ಹೆಸರೇ ಇದೆ. ಒಬ್ಬರೇ ವಿದ್ವಾಂಸರು ಕೈಗೆತ್ತಿಕೊಂಡ ಈ ಎರಡು ವಿಷಯಗಳಿಗೆ ಪರಸ್ಪರ ಸಂಬಂಧವಿದೆಯೆಂಬುದು ಸ್ಪಷ್ಟವಾಗಲು ಮಾತ್ರ ಮೂರು ಶತಮಾನಗಳೇ ಬೇಕಾದವು.

ರಿಕೆಟ್ಸ್ ರೋಗಕ್ಕೆ ಪರಿಹಾರವು ಎರಡು ದಾರಿಗಳಲ್ಲಿ ದೊರೆಯಿತು. 1919ರಲ್ಲಿ ಎಡ್ವರ್ಡ್ ಮೆಲನ್‌ಬಿ ಅವರು ನಾಯಿಮರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಕಾಡ್ ಮೀನಿನ ಯಕೃತ್ತಿನ ಎಣ್ಣೆ ಈ ರೋಗವನ್ನು ತಡೆಯುತ್ತದೆಂದು ತೋರಿಸಿದರು. ಅದೇ ವರ್ಷ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಪಾದರಸ ದೀಪದ ಅತಿನೇರಳೆ ಕಿರಣಗಳಿಂದ ಮಕ್ಕಳನ್ನು ಗುಣಪಡಿಸಿದರು. 1922ರಲ್ಲಿ ಮೆಕಾಲಮ್ ಮತ್ತು ಸಂಗಡಿಗರು ಆ ಎಣ್ಣೆಯಲ್ಲಿನ ರಕ್ಷಕಾಂಶವು 'ಎ' ಜೀವಸತ್ವಕ್ಕಿಂತ ಭಿನ್ನವೆಂದು ಸಾಧಿಸಿದರು. ಅದಕ್ಕೆ 'ಡಿ' ಎಂಬ ಹೆಸರು ನಿಂತಿತು. ಮೀನಿನ ಯಕೃತ್ತು ಹೀಗೆ ಔಷಧವಾಗಿ ಒದಗಿತಾದರೂ, ಮನುಷ್ಯನ ಯಕೃತ್ತಿನ ಪಾತ್ರವೇನೆಂಬುದು ಇನ್ನೂ ತಿಳಿದಿರಲಿಲ್ಲ.

ಈ ಪ್ರಶ್ನೆಯತ್ತ ಗಮನ ಸೆಳೆದವರು ರೋಗಿಗಳೇ. ಪಿತ್ತರಸದ ಹರಿವಿಗೆ ತಡೆಯುಂಟಾಗಿ ದೀರ್ಘಕಾಲ ಕಾಮಾಲೆಯಿಂದ ನರಳುವವರಲ್ಲಿ ಮೂಳೆಗಳು ಸವೆಯುವುದನ್ನೂ ಮೆದುವಾಗುವುದನ್ನೂ ವೈದ್ಯರು ಕಂಡರು. 1956ರಲ್ಲಿ ಅಟ್ಕಿನ್ಸನ್, ನಾರ್ಡಿನ್ ಮತ್ತು ಷೀಲಾ ಷೆರ್ಲಾಕ್ ಇದನ್ನು ಆಹಾರಾಂಶಗಳ ಹೀರಿಕೆಯ ಕೊರತೆಯೊಂದಿಗೆ ಜೋಡಿಸಿ ವಿವರಿಸಿದರು. 'ಡಿ' ಜೀವಸತ್ವವು ಕೊಬ್ಬಿನಲ್ಲಿ ಕರಗುವಂಥದು. ಪಿತ್ತರಸವು ಕರುಳನ್ನು ತಲುಪದಿದ್ದರೆ ಅದು ದೇಹಕ್ಕೆ ಸರಿಯಾಗಿ ಸೇರದು.

ಹೆಚ್ಚು ಆಳವಾದ ಉತ್ತರವು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಬಂದಿತು. 1968ರಲ್ಲಿ ಹೆಕ್ಟರ್ ಡಿಲೂಕಾ ಅವರ ತಂಡವು ರಕ್ತದಲ್ಲಿ ಸಂಚರಿಸುವ, ರೂಪಾಂತರಗೊಂಡ ಜೀವಸತ್ವವನ್ನು ಗುರುತಿಸಿತು. ಆ ರೂಪಾಂತರವು ಯಕೃತ್ತಿನಲ್ಲಿ ನಡೆಯುತ್ತದೆಂಬುದು 1969ರಲ್ಲಿ ಸಿದ್ಧವಾಯಿತು. ಅದಕ್ಕೆ ಅಂತಿಮ ಕ್ರಿಯಾಶೀಲ ರೂಪ ಕೊಡುವುದು ಮೂತ್ರಪಿಂಡವೆಂದು ಫ್ರೇಸರ್ ಮತ್ತು ಕೊಡಿಚೆಕ್ 1970ರಲ್ಲಿ ಕೇಂಬ್ರಿಜ್‌ನಲ್ಲಿ ತೋರಿಸಿದರು.

ಆದಕಾರಣ ಯಕೃತ್ತು ಕೆಟ್ಟರೆ ಈ ರೂಪಾಂತರವೇ ನಿಂತುಹೋಗುವುದೆಂದು ಊಹಿಸುವುದು ಸಹಜ. ವಾಸ್ತವವು ಅಷ್ಟು ಸರಳವಲ್ಲ. ರೋಗವು ತೀವ್ರವಾಗುವವರೆಗೂ ಯಕೃತ್ತು ಈ ಕಾರ್ಯವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಬಿಸಿಲಿಗೆ ಬಾರದ ಬದುಕು, ಕುಗ್ಗಿದ ಆಹಾರ, ಪಿತ್ತರಸದ ಅಭಾವ ಇವು ಕೊರತೆಗೆ ಮುಖ್ಯ ಕಾರಣಗಳು. ಇದಲ್ಲದೆ, ಜೀವಸತ್ವವನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನನ್ನು ತಯಾರಿಸುವುದೂ ಯಕೃತ್ತೇ; ಸಿರೋಸಿಸ್ ರೋಗದಲ್ಲಿ ಅದು ಕಡಿಮೆಯಾಗುವುದರಿಂದ ರಕ್ತಪರೀಕ್ಷೆಯ ಅಂಕಿಯು ಕೊರತೆಯನ್ನು ಇರುವುದಕ್ಕಿಂತ ಹಿರಿದಾಗಿ ತೋರಿಸಬಹುದು.

ಜೀವಸತ್ವವನ್ನು ಪೂರೈಸಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಆದರೆ ಅದರಿಂದ ಯಕೃತ್ತಿನ ರೋಗವೇ ಹಿಮ್ಮೆಟ್ಟುತ್ತದೆಂಬುದು ಇನ್ನೂ ಸಿದ್ಧವಾಗಿಲ್ಲ. ಕೊರತೆಯು ರೋಗದ ಕಾರಣವೋ ಪರಿಣಾಮವೋ ಎಂಬ ಪ್ರಶ್ನೆ ಬಗೆಹರಿಯುವವರೆಗೆ ಈ ಚರಿತ್ರೆಯು ಅಪೂರ್ಣವಾಗಿಯೇ ಉಳಿಯುತ್ತದೆ.