ಇಪ್ಪತ್ತೆಂಟು ಚಕ್ರ, ಎಂಟು ಕಾಸು: ಗಡಿ ದಾಟಿದ ಹಣದ ವಟ್ಟ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಪರಿಭಾಷೆ

ಬೇರೆ ನಾಣ್ಯ ಚಲಾವಣೆಯಲ್ಲಿರುವ ನೆಲದಲ್ಲಿ ಸ್ವಂತ ಹಣವನ್ನು ಕೈಗೆ ಪಡೆಯುವಾಗ ಎಷ್ಟು ಕಳೆಯುತ್ತದೆ, ಕಳೆಯುವುದರಲ್ಲಿ ಯಾವ ಭಾಗ ಅನಿವಾರ್ಯ, ಯಾವುದು ತಪ್ಪಿಸಬಹುದಾದದ್ದು ಎಂಬುದಷ್ಟೇ ಇಲ್ಲಿನ ವಿಷಯ. ನೆಲೆಯಾಗಿ ಕೊಂಬೈಯನ್ನು ಆರಿಸಿಕೊಂಡಿದೆ. ಇದು ತಮಿಳುನಾಡಿನ ತೇನಿ ಜಿಲ್ಲೆ ಉತ್ತಮಪಾಳಯಂ ತಾಲ್ಲೂಕಿನ ಪಟ್ಟಣ ಪಂಚಾಯಿತಿ. ರಾಮಕ್ಕಲ್‌ಮೇಡಿನ ಏಣಿನ ಕೆಳಗೆ, ಪಶ್ಚಿಮ ಘಟ್ಟದ ಪೂರ್ವ ಬುಡದಲ್ಲಿದೆ. ಆಯ್ಕೆಗೆ ಕಾರಣ ಎರಡು. ಕೊಂಬೈ ಇರುವ ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ತಂದ ಕಪ್ಪಿಲಿಯರ್ ಒಕ್ಕಲು ಕುಟುಂಬಗಳಿವೆ; ಥರ್ಸ್ಟನ್ನರ 1909ರ ಜಾತಿ–ಬುಡಕಟ್ಟು ಸಂಪುಟಗಳು ಇವರನ್ನು ಮಧುರೆ, ತಿರುನೆಲ್ವೇಲಿ ಸೀಮೆಗಳ ಕನ್ನಡ ಮಾತಿನ ಬೇಸಾಯಗಾರರೆಂದೇ ದಾಖಲಿಸಿವೆ. ಎರಡನೆಯದು, ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು: 1949ರ ಜುಲೈ 1ರಂದು ತಿರುವಾಂಕೂರು–ಕೊಚ್ಚಿ ರಾಜ್ಯ ರೂಪುಗೊಳ್ಳುವವರೆಗೂ ಈ ಊರಿನ ಪಡುವಣ ಬೆಟ್ಟದಾಚೆಗೆ ಇದ್ದದ್ದು ಸ್ವಂತ ನಾಣ್ಯ ಪದ್ಧತಿಯ ತಿರುವಾಂಕೂರು ಸಂಸ್ಥಾನ.

ಹಳೆಯ ಆಕರಗಳನ್ನು ನೋಡುವವರಿಗೆ ಒಂದು ಸೂಚನೆ. ತೇನಿ ಜಿಲ್ಲೆ ಹುಟ್ಟಿದ್ದು 1996ರಲ್ಲಿ. ಅದಕ್ಕೂ ಮೊದಲಿನ ಕಾಗದಪತ್ರಗಳಲ್ಲಿ ಕೊಂಬೈಯನ್ನು ಮಧುರೆ ಜಿಲ್ಲೆಯಡಿಯಲ್ಲೇ ಹುಡುಕಬೇಕು.

‘ವಟ್ಟ’ ಎಂಬ ಪದವನ್ನು ಇಲ್ಲಿ ಅದರ ಹಳೆಯ ಅರ್ಥದಲ್ಲಿ, ಅಂದರೆ ನಾಣ್ಯ ಬದಲಿಸುವಾಗ ಮುರಿದುಕೊಳ್ಳುವ ಮೊತ್ತ ಎಂಬರ್ಥದಲ್ಲಿ ಬಳಸಿದೆ. ಬ್ಯಾಂಕುಗಳು ಇಂದು ಮಾರ್ಕ್‌ಅಪ್ ಎನ್ನುವುದಕ್ಕೆ ಇದು ಬಹುಮಟ್ಟಿಗೆ ಸಮಾನ. ‘ಶುಲ್ಕ’ ಎಂದರೆ ಪ್ರತ್ಯೇಕ ಸಾಲಿನಲ್ಲಿ, ನಿಗದಿತ ಮೊತ್ತವಾಗಿ ಕಾಣುವಂಥದ್ದು ಮಾತ್ರ. ಈ ಎರಡನ್ನು ಬೆರೆಸುವುದರಿಂದಲೇ ಲೆಕ್ಕ ತಪ್ಪುವುದು ಹೆಚ್ಚು.

2. ತಿರುವಾಂಕೂರಿನ ಲೆಕ್ಕ

ಸಂಸ್ಥಾನದ ಪದ್ಧತಿ ಹೀಗಿತ್ತು: 16 ಕಾಸಿಗೆ 1 ಚಕ್ರ, 4 ಚಕ್ರಕ್ಕೆ 1 ಪಣ, 7 ಪಣಕ್ಕೆ 1 ತಿರುವಾಂಕೂರು ರೂಪಾಯಿ. ಅಂದರೆ ಆ ರೂಪಾಯಿಗೆ 28 ಚಕ್ರ ಅಥವಾ 448 ಕಾಸು. ಇದು ಮುಖ್ಯವಾಗಿ ಲೆಕ್ಕದ ರೂಪಾಯಿ. ಜನರ ಕೈಯಲ್ಲಿ ಓಡಾಡಿದ್ದು ಚಕ್ರ, ಪಣ, ಕಾಸುಗಳು. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಅಲ್ಲಿನ ಸರ್ಕಾರಿ ಬೆಲೆ 28 ಚಕ್ರ 8 ಕಾಸು, ಅಂದರೆ 456 ಕಾಸು.

ಎರಡು ರೂಪಾಯಿಗಳ ನಡುವಿನ ಅಂತರ 8 ಕಾಸು. ಇದನ್ನು ಶೇಕಡಾವಾರಿನಲ್ಲಿ ಹೇಳುವಾಗ ಛೇದದಲ್ಲಿ ಯಾವ ರೂಪಾಯಿಯನ್ನು ಇಟ್ಟಿದೆ ಎಂಬುದನ್ನೂ ಹೇಳಬೇಕು. ಬ್ರಿಟಿಷ್ ರೂಪಾಯಿಯನ್ನಿಟ್ಟರೆ ಶೇ 1.754, ತಿರುವಾಂಕೂರು ರೂಪಾಯಿಯನ್ನಿಟ್ಟರೆ ಶೇ 1.786. ಆಣೆ–ಪೈಗಳಲ್ಲಿ, ತಿರುವಾಂಕೂರಿನ ಒಂದು ರೂಪಾಯಿ ಬ್ರಿಟಿಷ್ ಇಂಡಿಯಾದ 15 ಆಣೆ 8.63 ಪೈಗೆ ಸಮ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ 8 ಕಾಸು ತನ್ನಷ್ಟಕ್ಕೆ ವಟ್ಟವಲ್ಲ. ಎರಡು ಬೇರೆ ಬೇರೆ ಘಟಕಗಳಿಗೆ ಒಂದೇ ಹೆಸರಿದ್ದುದರಿಂದ ಕಾಣುವ ಅಂತರವಷ್ಟೆ. ಸರ್ಕಾರಿ ದರದಲ್ಲೇ ಬದಲಿಸಿಕೊಂಡವರಿಗೆ ನಷ್ಟವಿಲ್ಲ. ಬ್ರಿಟಿಷ್ ರೂಪಾಯಿ ಕೊಟ್ಟು ಬರೀ 28 ಚಕ್ರ ಪಡೆದಾಗ, ಅಥವಾ ರೂಪಾಯಿ ಲೆಕ್ಕದಲ್ಲಿ ಗೊತ್ತುಮಾಡಿದ ಕೂಲಿಯನ್ನು ‘ಯಾವ ರೂಪಾಯಿ’ ಎಂದು ಕೇಳದೆ 28 ಚಕ್ರದಂತೆ ತೆಗೆದುಕೊಂಡಾಗ ಅದು ವಟ್ಟವಾಗುತ್ತದೆ. ನೂರು ಬ್ರಿಟಿಷ್ ರೂಪಾಯಿಗೆ ಸಲ್ಲಬೇಕಾದದ್ದು 2,850 ಚಕ್ರ. 2,800 ಮಾತ್ರ ಬಂದರೆ 50 ಚಕ್ರ ಖೋತಾ. ಕಣಿವೆಯಿಂದ ತಿರುವಾಂಕೂರಿನ ಪೀರುಮೇಡಿನ ತೋಟಗಳಿಗೂ ಏಲಕ್ಕಿ ಮಲೆಗಳಿಗೂ ಆಳುಗಳು ಹತ್ತಿ ಹೋಗುತ್ತಿದ್ದ ಹಿನ್ನೆಲೆಯಲ್ಲಿ ಈ ಮೊತ್ತ ಸಣ್ಣದೆನ್ನಿಸುವುದಿಲ್ಲ. ಆದರೂ ಮೇಲಿನದು ಅಂಕಗಣಿತದ ಸಾಧ್ಯತೆ. ದಾಖಲಾದ ಒಂದು ನಿರ್ದಿಷ್ಟ ವ್ಯವಹಾರವೆಂದು ಓದಬಾರದು.

ದೊಡ್ಡ ಮೊತ್ತದಲ್ಲಿ ಈ ಅಂತರ ಹೇಗೆ ಕಾಣುತ್ತದೆ ಎಂಬುದಕ್ಕೆ ಪೆರಿಯಾರ್ ಗೇಣಿ, ಅಂದರೆ ಪೆರಿಯಾರ್ ಅಣೆಕಟ್ಟಿನ ನೆಲಕ್ಕಾಗಿ ಬ್ರಿಟಿಷ್ ಸರ್ಕಾರ ತಿರುವಾಂಕೂರಿಗೆ ಕೊಡಬೇಕಿದ್ದ ಹಣ, ಒಳ್ಳೆಯ ಅಳತೆಗೋಲು. 1886ರ ಅಕ್ಟೋಬರ್ 29ರ ಕರಾರಿನಂತೆ 8,000 ಎಕರೆಗೆ, ಎಕರೆಗೆ 5 ರೂಪಾಯಿಯಂತೆ ವರ್ಷಕ್ಕೆ 40,000 ರೂಪಾಯಿ. ಇದನ್ನು ಬ್ರಿಟಿಷ್ ರೂಪಾಯಿಯೆಂದು ಹಿಡಿದು ತಿರುವಾಂಕೂರು ಲೆಕ್ಕಕ್ಕೆ ತಂದರೆ 40,714 ರೂಪಾಯಿ 2 ಪಣ ಆಗುತ್ತದೆ, ಶೇಷವಿಲ್ಲದೆ. ಹೆಸರು ಒಂದೇ ಆಗಿದ್ದರೂ ಬರಹದಲ್ಲಿ 714 ರೂಪಾಯಿಗಳ ವ್ಯತ್ಯಾಸ. ಕಾಲಗಣನೆಯಲ್ಲೂ ಇಂಥದೇ ಸಮಸ್ಯೆ: ಕರಾರಿನ ಆ ದಿನ ಕೊಲ್ಲಂ ವರ್ಷ 1062ರಲ್ಲಿ ಬೀಳುತ್ತದೆ. ಕೊಲ್ಲಂ ವರ್ಷ ಆಗಸ್ಟ್ ನಡುವೆ ಶುರುವಾಗುವುದರಿಂದ ವರ್ಷದ ಮೊದಲ ಭಾಗಕ್ಕೆ 824, ಉಳಿದ ಭಾಗಕ್ಕೆ 825 ಕೂಡಿಸಬೇಕು. ಎಲ್ಲಕ್ಕೂ 825 ಕೂಡಿಸಿದರೆ ಕರಾರು 1887ಕ್ಕೆ ಜಾರುತ್ತದೆ.

ಆಳುಗಳು ಹೋಗುತ್ತಿದ್ದ ಇನ್ನೊಂದು ನೆಲವಾದ ಸಿಲೋನಿನ ಸ್ಥಿತಿ ಬೇರೆ. 1872ರಲ್ಲಿ ಅಲ್ಲಿ ಸೆಂಟುಗಳ ದಶಮಾಂಶ ಪದ್ಧತಿ ಬಂದರೂ ರೂಪಾಯಿ ಭಾರತದ್ದೇ ಆಗಿತ್ತು. ಕಡಲು ದಾಟಿದ ಕೂಲಿಗಿಂತ ಬೆಟ್ಟ ಹತ್ತಿದ ಕೂಲಿಗೆ ನಾಣ್ಯದ ತೊಡಕು ಹೆಚ್ಚಿತ್ತೆಂದು ಕಾಣುತ್ತದೆ.

3. ಇಂದಿನ ಪದರಗಳು

ವಿದೇಶದ ಎಟಿಎಂನಲ್ಲಿ ಭಾರತದ ಡೆಬಿಟ್ ಕಾರ್ಡ್ ಹಾಕಿ ಹಣ ತೆಗೆದಾಗ ಕಡಿತ ಸಾಮಾನ್ಯವಾಗಿ ನಾಲ್ಕು ಕಡೆಯಿಂದ ಬರುತ್ತದೆ: ಎಟಿಎಂ ಮಾಲೀಕ ಬ್ಯಾಂಕಿನ ಶುಲ್ಕ, ನಮ್ಮ ಬ್ಯಾಂಕಿನ ನಿಗದಿತ ಶುಲ್ಕ, ಕಾರ್ಡ್ ಜಾಲದ ದರದ ಮೇಲೆ ಬ್ಯಾಂಕ್ ಹೇರುವ ಮಾರ್ಕ್‌ಅಪ್, ಕೊನೆಯ ಎರಡರ ಮೇಲೆ ಶೇ 18 ಜಿಎಸ್‌ಟಿ. ಮಾರ್ಕ್‌ಅಪ್ ಬ್ಯಾಂಕಿನಿಂದ ಬ್ಯಾಂಕಿಗೆ, ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತದೆ, ಶೇ 3.5 ಎಂಬುದು ಸಾಕಷ್ಟು ಕಡೆ ಕಾಣುವ ದರ. ಜಿಎಸ್‌ಟಿ ಸೇರಿದರೆ ಅದು ಶೇ 4.13. ತಿರುವಾಂಕೂರಿನ 8 ಕಾಸಿನ ಅಂತರಕ್ಕೆ ಹೋಲಿಸಿದರೆ ಎರಡು ಪಟ್ಟಿಗೂ ಮೀರಿದ್ದು.

ಮೊದಲ ಪದರವನ್ನು ಸದ್ಯಕ್ಕೆ ಬಿಟ್ಟು, 20,000 ರೂಪಾಯಿಗೆ ಸಮನಾದ ನಗದಿನ ಲೆಕ್ಕ ನೋಡಬಹುದು. ನಿಗದಿತ ಶುಲ್ಕ ಸಲಕ್ಕೆ 150 ರೂಪಾಯಿ, ಮಾರ್ಕ್‌ಅಪ್ ಶೇ 3.5 ಎಂದು ಇಟ್ಟುಕೊಂಡಿದೆ, ಎರಡೂ ಉದಾಹರಣೆಗಷ್ಟೆ.

ಒಂದೇ ಸಲ ತೆಗೆದರೆ: 150 + 700 + ಜಿಎಸ್‌ಟಿ 153 = 1,003 ರೂಪಾಯಿ, ಶೇ 5.015.
ಐದೈದು ಸಾವಿರದಂತೆ ನಾಲ್ಕು ಸಲ ತೆಗೆದರೆ: 600 + 700 + 234 = 1,534 ರೂಪಾಯಿ, ಶೇ 7.67.
ಮಾರ್ಕ್‌ಅಪ್ ಇಲ್ಲದ ಕಾರ್ಡಿನಲ್ಲಿ ಒಂದೇ ಸಲ ತೆಗೆದರೆ: 150 + 27 = 177 ರೂಪಾಯಿ, ಶೇ 0.885.

ಸಲಗಳನ್ನು ಕಡಿಮೆ ಮಾಡಿದ್ದರಿಂದ ಉಳಿದದ್ದು 531 ರೂಪಾಯಿ. ಕಾರ್ಡ್ ಬದಲಿಸಿದ್ದರಿಂದ ಉಳಿದದ್ದು 826. ‘ಒಮ್ಮೆಲೇ ದೊಡ್ಡ ಮೊತ್ತ ತೆಗೆಯಿರಿ’ ಎಂಬ ಸಲಹೆ ಸರಿಯಾದದ್ದೇ, ಆದರೆ ಈ ಮೊತ್ತಗಳ ಮಟ್ಟಿಗೆ ಅದು ಎರಡನೆಯ ಸ್ಥಾನದ ಸಲಹೆ. ಪ್ರಯಾಣಕ್ಕೆ ಮೊದಲು ಬ್ಯಾಂಕಿನ ದರಪಟ್ಟಿಯಲ್ಲಿ ಮಾರ್ಕ್‌ಅಪ್ ಸಾಲನ್ನು ಓದುವುದೇ ಮೊದಲನೆಯದು.

ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದನ್ನು ಈ ಹೋಲಿಕೆಗೆ ಸೇರಿಸಿಲ್ಲ. ಅದರಲ್ಲಿ ಮುಂಗಡ ನಗದಿನ ಶುಲ್ಕ ಬೇರೆ ಇದೆ, ಬಡ್ಡಿಯೂ ಸಾಮಾನ್ಯವಾಗಿ ತೆಗೆದ ದಿನದಿಂದಲೇ ಓಡುತ್ತದೆ.

ಫಾರೆಕ್ಸ್ ಕಾರ್ಡ್ ತುಂಬಿಸುವಾಗ ಅಥವಾ ನೋಟು ಕೊಳ್ಳುವಾಗ ಜಿಎಸ್‌ಟಿ ಲೆಕ್ಕವೇ ಬೇರೆ. ಕೇಂದ್ರ ಜಿಎಸ್‌ಟಿ ನಿಯಮ 32(2)ರಲ್ಲಿರುವ ಹಂತ ಪದ್ಧತಿಯಂತೆ, 1 ಲಕ್ಷ ರೂಪಾಯಿವರೆಗೆ ವಿನಿಮಯ ಮೊತ್ತದ ಶೇ 1, ಕನಿಷ್ಠ 250 ರೂಪಾಯಿಯನ್ನು ಸೇವೆಯ ಮೌಲ್ಯವೆಂದು ಹಿಡಿದು, ತೆರಿಗೆಯನ್ನು ಅದರ ಮೇಲೆ ಹಾಕುತ್ತಾರೆ. ಆದ್ದರಿಂದ 20,000ಕ್ಕೆ ತೆರಿಗೆ 45 ರೂಪಾಯಿ, 1 ಲಕ್ಷಕ್ಕೆ 180, ಮೇಲಿನ ಹಂತದಲ್ಲಿ ದರ ಇಳಿಯುವುದರಿಂದ 10 ಲಕ್ಷಕ್ಕೆ 990. ‘ಫಾರೆಕ್ಸ್‌ಗೆ ಶೇ 18 ತೆರಿಗೆ’ ಎಂಬ ಮಾತು ಇಡೀ ಮೊತ್ತಕ್ಕೆ ಅನ್ವಯಿಸುವುದಿಲ್ಲ. ಈ ತೆರಿಗೆಗಿಂತ, ಕೌಂಟರಿನವರು ಕೊಡುವ ದರದೊಳಗೆ ಸೇರಿಹೋದ ವಟ್ಟವೇ ಹಲವು ವೇಳೆ ದೊಡ್ಡದು.

4. ಪರದೆಯ ಮೇಲಿನ ಪ್ರಶ್ನೆ

ಎಟಿಎಂ ಅಥವಾ ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಡಿತಗೊಳಿಸಲೇ, ಇಲ್ಲಿನ ನಾಣ್ಯದಲ್ಲೇ?’ ಎಂದು ಕೇಳುವುದುಂಟು. ಡೈನಮಿಕ್ ಕರೆನ್ಸಿ ಕನ್ವರ್ಶನ್ ಎಂಬ ಈ ಸೇವೆಯಲ್ಲಿ ಪರಿವರ್ತನೆ ಕಾರ್ಡ್ ಜಾಲದ ದರದಲ್ಲಿ ನಡೆಯುವುದಿಲ್ಲ. ಆ ಯಂತ್ರದ ಕಡೆಯವರು ಇಟ್ಟ ದರದಲ್ಲಿ ನಡೆಯುತ್ತದೆ. ರೂಪಾಯಿ ಮೊತ್ತ ಅಲ್ಲೇ ಕಾಣುವುದರಿಂದ ಮನಸ್ಸಿಗೆ ಸಮಾಧಾನ, ಆದರೆ ದರ ಬಹುಪಾಲು ಕೆಟ್ಟದ್ದು. ದರ ಶೇ 6ರಷ್ಟು ಕೆಟ್ಟದಿದ್ದರೆ 20,000ದ ಮೇಲೆ 1,200 ರೂಪಾಯಿ ಹೋಗುತ್ತದೆ. ಇದಲ್ಲದೆ, ರೂಪಾಯಿ ಆರಿಸಿದರೂ ವ್ಯವಹಾರ ವಿದೇಶದ್ದೇ ಎಂಬ ಕಾರಣಕ್ಕೆ ಕೆಲವು ಕಾರ್ಡುಗಳಲ್ಲಿ ಇನ್ನೊಂದು ಶುಲ್ಕವೂ ಬೀಳುತ್ತದೆ.

ಐರೋಪ್ಯ ಒಕ್ಕೂಟದ 2019/518ನೇ ನಿಯಮ ಈ ದರವನ್ನು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಉಲ್ಲೇಖ ದರದ ಮೇಲೆ ಎಷ್ಟು ಶೇಕಡಾ ಹೆಚ್ಚೆಂದು ತೋರಿಸುವುದನ್ನು ಕಡ್ಡಾಯ ಮಾಡಿತು. ನಿಯಮದ ತಾರೀಖು 2019ರ ಮಾರ್ಚ್ 19. ಯಂತ್ರದಲ್ಲಿ ದರ ತೋರಿಸುವ ಕಲಮು ಜಾರಿಗೆ ಬಂದದ್ದು 2020ರ ಏಪ್ರಿಲ್ 19ರಿಂದ. ಒಕ್ಕೂಟದೊಳಗಿನ ನಾಣ್ಯಗಳನ್ನು ಉದ್ದೇಶಿಸಿದ ನಿಯಮವಿದು; ರೂಪಾಯಿ ಕಾರ್ಡಿಗೆ ಅದೇ ರಕ್ಷಣೆ ಸಿಗುತ್ತದೆಂದು ಭಾವಿಸದಿರುವುದು ಕ್ಷೇಮ. ಸ್ಥಳೀಯ ನಾಣ್ಯವನ್ನೇ ಆರಿಸುವುದು ಇಲ್ಲಿ ಸರಿಯಾದ ಉತ್ತರ. ಈ ಟಿಪ್ಪಣಿಯ ಸಲಹೆಗಳಲ್ಲಿ ಅಪವಾದ ಅತಿ ಕಡಿಮೆ ಇರುವುದು ಇದಕ್ಕೇ.

5. ತಾರೀಖುಗಳ ಗೊಂದಲ

(ಅ) ಕಾರ್ಡಿನ ವಿದೇಶಿ ಬಳಕೆ. ರಿಸರ್ವ್ ಬ್ಯಾಂಕಿನ ಸುತ್ತೋಲೆ 2020ರ ಜನವರಿ 15ರದು. ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯಬೇಕು, ವಿದೇಶಿ ಬಳಕೆಯನ್ನು ಗ್ರಾಹಕರೇ ತೆರೆಯಬೇಕು ಎಂದಿತು. ಅದರಲ್ಲಿ ಕಾಣಿಸಿದ ಜಾರಿ ದಿನ ಅದೇ ವರ್ಷದ ಮಾರ್ಚ್ 16. ಪತ್ರಿಕೆಗಳಲ್ಲಿ ಅಕ್ಟೋಬರ್ 1 ಎಂದು ಕಾಣುವುದಕ್ಕೆ ಕೋವಿಡ್ ಕಾಲದಲ್ಲಿ ಗಡುವು ಮುಂದೆ ಹೋದದ್ದು ಕಾರಣ. ಎರಡೂ ಅವುಗಳ ಅರ್ಥದಲ್ಲಿ ಸರಿ. ಊರು ಬಿಡುವ ಮೊದಲೇ ಈ ಬಾಗಿಲು ತೆರೆದಿಡದವರು ಪರದೇಶದಲ್ಲಿ ತುರ್ತಿಗೆ ಸಿಕ್ಕ ದರಕ್ಕೆ ನೋಟು ಬದಲಿಸಬೇಕಾಗುತ್ತದೆ.

(ಆ) ಮೂಲದಲ್ಲೇ ವಸೂಲಾಗುವ ತೆರಿಗೆ, ಟಿಸಿಎಸ್. ನಿವಾಸಿಗಳು ವಿದೇಶಕ್ಕೆ ಹಣ ಕಳಿಸಲು, ಅಲ್ಲಿ ಖರ್ಚು ಮಾಡಲು ಅವಕಾಶ ಕೊಡುವ ಉದಾರೀಕೃತ ರವಾನೆ ಯೋಜನೆ 2004ರ ಫೆಬ್ರವರಿ 4ರಂದು 25,000 ಡಾಲರ್ ಮಿತಿಯೊಂದಿಗೆ ಆರಂಭವಾಯಿತು. ಮಿತಿ 2015ರಲ್ಲಿ 2,50,000 ಡಾಲರಿಗೆ ಏರಿತು. ಈ ರವಾನೆಗಳಿಗೆ ಟಿಸಿಎಸ್ ಸೇರಿದ್ದು 2020ರ ಅಕ್ಟೋಬರ್ 1ರಿಂದ. 2023ರ ಬಜೆಟ್ಟಿನ ಶೇ 20ರ ದರಕ್ಕೆ ಮೊದಲು ಗೊತ್ತಾದ ದಿನ ಜುಲೈ 1, ನಿಜವಾಗಿ ಜಾರಿಯಾದದ್ದು ಅಕ್ಟೋಬರ್ 1. ವಿದೇಶದಲ್ಲಿ ಕ್ರೆಡಿಟ್ ಕಾರ್ಡ್ ಖರ್ಚನ್ನು ಯೋಜನೆಯೊಳಗೆ ತಂದ 2023ರ ಮೇ 16ರ ಅಧಿಸೂಚನೆಯನ್ನು ಜೂನ್ 28ರ ಪ್ರಕಟಣೆ ತಡೆಹಿಡಿಯಿತು. ಮೇ ತಿಂಗಳ ವರದಿಯನ್ನಷ್ಟೇ ಓದಿದವರಿಗೆ ಇದರ ತದ್ವಿರುದ್ಧ ಚಿತ್ರ ಸಿಗುತ್ತದೆ. ಡೆಬಿಟ್ ಮತ್ತು ಫಾರೆಕ್ಸ್ ಕಾರ್ಡುಗಳು ಯೋಜನೆಯ ಲೆಕ್ಕಕ್ಕೆ ಸೇರುತ್ತವೆ. ಟಿಸಿಎಸ್ ಶುರುವಾಗುವ ವಾರ್ಷಿಕ 7 ಲಕ್ಷ ರೂಪಾಯಿಯ ಹೊಸ್ತಿಲು 2025ರ ಏಪ್ರಿಲ್ 1ರಿಂದ 10 ಲಕ್ಷವಾಗಿದೆ. ಟಿಸಿಎಸ್ ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದದ್ದು. ಆದಕಾರಣ ಅದನ್ನು ಮೇಲಿನ ಶೇಕಡಾಗಳಿಗೆ ಕೂಡಿಸಿಲ್ಲ.

6. ಹೊರಗೆ ನೆಲೆಸಿದವರು

ಕೊಂಬೈಯ ಮನೆಯಿಂದ ಹೊರಟು ಸಿಂಗಪುರದಲ್ಲೋ ಕೊಲ್ಲಿಯಲ್ಲೋ ಉದ್ಯೋಗಕ್ಕೆ ನಿಂತವರ ಸಮಸ್ಯೆ ಪ್ರವಾಸಿಗರದ್ದಲ್ಲ. ವಿದೇಶಿ ವಿನಿಮಯ ಕಾಯಿದೆಯಡಿ ಅನಿವಾಸಿಯಾದವರು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಹೊರಗೆ ಗಳಿಸಿ ಕಳಿಸಿದ ಹಣಕ್ಕೆ ಎನ್‌ಆರ್‌ಇ ಖಾತೆ. ಅಲ್ಲಿಂದ ಅಸಲು–ಬಡ್ಡಿ ಎರಡನ್ನೂ ಮಿತಿಯಿಲ್ಲದೆ ಮರಳಿ ಒಯ್ಯಬಹುದು. ಎನ್‌ಆರ್‌ಒದಿಂದ ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ಡಾಲರ್ ಮಿತಿ, ಜೊತೆಗೆ ತೆರಿಗೆ ಕಾಗದಪತ್ರದ ಕೆಲಸ. ಹಣ ಯಾವ ಖಾತೆಗೆ ಬಿದ್ದಿತು ಎಂಬುದು ಮುಂದೆ ಅದನ್ನು ತೆಗೆಯುವ ಖರ್ಚನ್ನು ನಿರ್ಧರಿಸುತ್ತದೆ.

2023ರ ಫೆಬ್ರವರಿ 21ರಂದು ಯುಪಿಐಯನ್ನು ಸಿಂಗಪುರದ ಪಾವತಿ ವ್ಯವಸ್ಥೆಯಾದ ಪೇನೌ ಜೊತೆ ಜೋಡಿಸಲಾಯಿತು. ಆರಂಭದ ಮಿತಿ ದಿನಕ್ಕೆ 60,000 ರೂಪಾಯಿ. ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ ಯುಪಿಐ ಪಾವತಿ 2024ರ ಫೆಬ್ರವರಿ 12ರಂದು ಶುರುವಾಯಿತು. ಮೊದಲನೆಯದು ವ್ಯಕ್ತಿಯಿಂದ ವ್ಯಕ್ತಿಗೆ ರವಾನೆ, ಎರಡನೆಯದು ಅಂಗಡಿ ಪಾವತಿ. ಎಟಿಎಂ ನಗದಿಗೆ ಎರಡೂ ನೇರ ಬದಲಿಯಲ್ಲ. ಯುಪಿಐ ಎಂದಾಕ್ಷಣ ವಟ್ಟವಿಲ್ಲವೆಂದೂ ಹೇಳಲಾಗದು. ಪರಿವರ್ತನೆ ಇರುವೆಡೆ ದರವಿದೆ, ಆ ದರವನ್ನು ಪ್ರತಿ ಸಲ ನೋಡಬೇಕು.

7. ಚೀಟಿಯಿಂದ ದರ ಹೊರತೆಗೆಯುವ ಕ್ರಮ

ಎಟಿಎಂ ಚೀಟಿಯನ್ನು ಎಸೆಯದೆ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು: ಕೈಗೆ ಬಂದ ಸ್ಥಳೀಯ ನಾಣ್ಯದ ಮೊತ್ತ, ಅದರ ಮೇಲೆ ಬಿದ್ದ ಎಟಿಎಂ ಶುಲ್ಕ, ಖಾತೆಯಿಂದ ಹೋದ ರೂಪಾಯಿ. ಮೂರನೆಯದರಲ್ಲಿ ನಿಗದಿತ ಶುಲ್ಕ ಮತ್ತು ಜಿಎಸ್‌ಟಿಯನ್ನು ಕಳೆದು, ಉಳಿದದ್ದನ್ನು ಮೊದಲೆರಡರ ಒಟ್ಟು ಮೊತ್ತದಿಂದ ಭಾಗಿಸಿದರೆ ನಿಜಕ್ಕೂ ಅನ್ವಯವಾದ ದರ ಸಿಗುತ್ತದೆ. ಇದನ್ನು ಕಾರ್ಡ್ ಜಾಲದ ಪ್ರಕಟಿತ ದರಕ್ಕೆ ಹೋಲಿಸುವಾಗ ತಾರೀಖಿನ ತೊಡಕು ಇನ್ನೊಮ್ಮೆ ಎದುರಾಗುತ್ತದೆ: ಹಣ ತೆಗೆದ ದಿನ ಒಂದು, ಜಾಲದಲ್ಲಿ ಲೆಕ್ಕ ಸಂದ ದಿನ ಇನ್ನೊಂದು ಆಗಿರಬಹುದು. ಶನಿವಾರ ತೆಗೆದ ಹಣಕ್ಕೆ ಸೋಮವಾರದ ದರ ಬಿದ್ದಿದ್ದರೆ, ಶನಿವಾರದ ದರದೊಂದಿಗೆ ಹೋಲಿಸಿ ಕಂಡ ವ್ಯತ್ಯಾಸ ಪೂರ್ತಿಯಾಗಿ ಬ್ಯಾಂಕಿನ ವಟ್ಟವಲ್ಲ. ಆದ್ದರಿಂದ ಖಾತೆ ವಿವರದಲ್ಲಿ ಎರಡು ತಾರೀಖು ಕಂಡರೆ ಎರಡನ್ನೂ ನಮೂದಿಸಬೇಕು.